ಬಯೋಪಿಕ್‌ಗೆ ಕೇಸು ಬೀಳುವುದು ನಾಯಕನಿಂದಲ್ಲ

ಬಯೋಪಿಕ್ ಸ್ಕ್ರಿಪ್ಟ್, ಅಂದರೆ ನಿಜ ವ್ಯಕ್ತಿಯೊಬ್ಬರ ಬದುಕಿನ ಚಿತ್ರಕಥೆ, ಹಿಡಿದು ಕಾನೂನು ಸಲಹೆಗೆ ನನ್ನ ಬಳಿ ಬರುವ ನಿರ್ಮಾಪಕರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಮನೆಯವರಿಂದ ಎನ್‌ಓಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬೇಕೇಬೇಕಾ ಸರ್?’ ಎಲ್ಲ ಸಲವೂ ಬೇಕಿಲ್ಲ. ಸರಣಿ ಕೊಲೆಗಾರ ಆಟೋ ಶಂಕರ್ ಜೈಲಿನಲ್ಲಿ ಬರೆದ ಆತ್ಮಕಥೆಯನ್ನು ‘ನಕ್ಕೀರನ್’ ಪತ್ರಿಕೆ ಅಚ್ಚು ಹಾಕಲು ಹೊರಟಾಗ ಜೈಲು ಅಧಿಕಾರಿಗಳು ತಡೆಯಲು ನೋಡಿದರು. 1994ರಲ್ಲಿ ಸುಪ್ರೀಂ ಕೋರ್ಟ್ ತಡೆಗೆ ಒಪ್ಪಲಿಲ್ಲ. ಕೋರ್ಟ್ ಕಡತದಂಥ ಸಾರ್ವಜನಿಕ ದಾಖಲೆಯಲ್ಲಿ ಇರುವಷ್ಟನ್ನು ಒಪ್ಪಿಗೆ ಇಲ್ಲದೆಯೂ ಪ್ರಕಟಿಸಬಹುದು, ಅದನ್ನು ದಾಟಿ ಖಾಸಗಿ ಬದುಕಿಗೆ ಕೈ ಹಾಕಿದರೆ ಪರಿಣಾಮ ನಿಮ್ಮದು ಎಂದಿತು. (ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ವಿಷಯದಲ್ಲಿ ದಾಖಲೆಯ ಈ ವಿನಾಯಿತಿಯೂ ಇಲ್ಲ.)

ನಾಯಕ ತೀರಿಕೊಂಡಿದ್ದರೆ ಇನ್ನೂ ಸಲೀಸು. ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ನಂತರ ಅವರ ತಂದೆ, ಮಗನ ಬದುಕನ್ನು ಆಧರಿಸಿದ ಒಂದು ಚಿತ್ರದ ವಿರುದ್ಧ ಹಾಕಿದ್ದ ಅರ್ಜಿಯನ್ನು ತಳ್ಳಿಹಾಕುತ್ತ ದೆಹಲಿ ಹೈಕೋರ್ಟ್ 2023ರಲ್ಲಿ, ಖಾಸಗಿತನದ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯುತ್ತದೆ, ವಾರಸುದಾರರಿಗೆ ಬರುವುದಿಲ್ಲ ಎಂದಿತು.

ಇಷ್ಟು ಕೇಳಿ ನಿರ್ಮಾಪಕರು ನಿರಾಳ. ನನಗೆ ತಲೆನೋವು ಶುರುವಾಗುವುದೇ ಆಗ. ವೀರಪ್ಪನ್ ಸತ್ತದ್ದು 2004ರಲ್ಲಿ. ಅವನ ಕಥೆಯ ‘ಅಟ್ಟಹಾಸ’ 2013ರಲ್ಲಿ ತೆರೆಗೆ ಬರುವ ಮೊದಲು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿಸಿದವರು ಪತ್ನಿ ಮುತ್ತುಲಕ್ಷ್ಮಿ. ಕೊನೆಗೆ ಆಕೆಗೆ 25 ಲಕ್ಷ ರೂಪಾಯಿ ಕೊಡುವುದೆಂದು ತೀರ್ಮಾನವಾಯಿತು. ಸತ್ತವನಿಗೆ ಹಕ್ಕಿಲ್ಲದಿರಬಹುದು, ಅವನ ಪಕ್ಕದಲ್ಲಿ ತೆರೆಯ ಮೇಲೆ ಕಾಣಿಸುವ, ಇನ್ನೂ ಬದುಕಿರುವವರಿಗೆ ತಮ್ಮದೇ ಹಕ್ಕಿದೆ.

ಹಾಗಾಗಿ ಸ್ಕ್ರಿಪ್ಟ್ ಓದುವಾಗ ನನ್ನ ಪೆನ್ಸಿಲ್ ನಾಯಕನ ದೃಶ್ಯಗಳಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಕ್ರೀಡಾಪಟುವಿನ ಕಥೆ ಎಂದಿಟ್ಟುಕೊಳ್ಳಿ. ಆಯ್ಕೆಗಾಗಿ ಕೋಚ್ ಲಂಚ ಕೇಳುವ ದೃಶ್ಯ ಇರುತ್ತದೆ. ಆಧಾರ ಎಲ್ಲಿ ಎಂದರೆ ‘ಡ್ರಾಮಾಗೆ ಬೇಕಿತ್ತು ಸರ್, ಹೆಸರು ಬದಲಾಯಿಸಿದ್ದೀವಲ್ಲ’ ಎನ್ನುತ್ತಾರೆ ನಿರ್ದೇಶಕರು. ಆ ವರ್ಷ ಆ ತಂಡಕ್ಕಿದ್ದದ್ದು ಒಬ್ಬನೇ ಕೋಚ್! ಊರಿಗೆಲ್ಲ ಗೊತ್ತಾಗುತ್ತದೆ. ಮಾನನಷ್ಟದ ಕೇಸಿನಲ್ಲಿ ‘ಇದು ನಿಜ’ ಎಂದು ಸಾಬೀತು ಮಾಡುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ. ಇಂಥಲ್ಲಿ ಹೆಸರು ಬದಲಿಸಿ ಪ್ರಯೋಜನವಿಲ್ಲ. ಹುದ್ದೆ ಬದಲಿಸಬೇಕು, ಇಸವಿ ಮಸುಕು ಮಾಡಬೇಕು, ಇಲ್ಲವೇ ದೃಶ್ಯವನ್ನೇ ಕೈಬಿಡಬೇಕು. ‘ಪಾತ್ರಗಳೆಲ್ಲ ಕಾಲ್ಪನಿಕ’ ಎಂಬ ಸಾಲು ಹಾಕಿ, ಕೊನೆಯಲ್ಲಿ ಅಸಲಿ ಮನುಷ್ಯನ ಫೋಟೋ ತೋರಿಸುವ ಚಿತ್ರಗಳಿವೆ. ಎದುರು ಪಕ್ಷದ ವಕೀಲರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಕಲ್ಪನೆಯೇ ಬೇಕೆಂದರೆ ತಮಿಳಿನ ‘ಸೂರರೈ ಪೋಟ್ರು’ ಚಿತ್ರ ಹಿಡಿದ ದಾರಿ ಇದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ವಿಮಾನ ಸಂಸ್ಥೆ ಏರ್ ಡೆಕ್ಕನ್ ಕಥೆ ಅಲ್ಲಿ ಮದುರೆ ಸೀಮೆಯ ನೆಡುಮಾರನ್ ಕಥೆಯಾಯಿತು: ಹೆಸರು, ಊರು, ಮನೆಮಂದಿ ಎಲ್ಲವೂ ಬೇರೆ. ಕಲ್ಪನೆ ಬಹಳ ಬೆರೆತಿದೆ ಎಂದು ಗೋಪಿನಾಥ್ ಅವರೇ ಹೇಳಿದರು, ಮೆಚ್ಚಿಯೂ ಕೊಂಡರು.

ನಿಜ ಹೆಸರಲ್ಲೇ ಮಾಡುತ್ತೀರಾದರೆ, ಕಥೆಯಲ್ಲಿ ಬಂದು ಇನ್ನೂ ಬದುಕಿರುವವರ ಪಟ್ಟಿ ಮೊದಲು ತನ್ನಿ. ನಾಯಕನ ಮನೆಯವರ ಪತ್ರ ಆಮೇಲೆ ನೋಡೋಣ.