ಬಾಂಬರ್ ವಿಮಾನ ಮನೆಮಾತಾದ ಬಗೆ: ಅಮೆರಿಕ, 1940ರಿಂದ 1960

ಬಾಂಬರ್‌ಗಳ ಬಗ್ಗೆ ಓದಲು ಕುಳಿತರೆ ವೇಗ, ತೂಕ, ಎಂಜಿನ್‌ಗಳ ಪಟ್ಟಿಯೇ ಎದುರಾಗುತ್ತದೆ. ಸಮಾಜ ಚರಿತ್ರೆ ಓದುವವರಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಊರಿಗೆ ಊರನ್ನೇ ಸುಡಬಲ್ಲ ಯಂತ್ರದ ಜೊತೆ ಸಾಮಾನ್ಯ ಜನರಿಗೆ ಅಷ್ಟೊಂದು ಸಲುಗೆ ಬೆಳೆದದ್ದು ಹೇಗೆ?

ಮೊದಲು ಹೆಸರುಗಳನ್ನು ಗಮನಿಸಿ. ಎರಡನೆಯ ಮಹಾಯುದ್ಧದಲ್ಲಿ ಬಿ-17 ಬಾಂಬರ್‌ಗಳ ಮೂತಿಯ ಮೇಲೆ ಸಿಬ್ಬಂದಿ ಚೆಲುವೆಯರ ಚಿತ್ರ ಬರೆಸಿ, ಮುದ್ದಿನ ಹೆಸರು ಇಡುತ್ತಿದ್ದರು. ‘ಮೆಂಫಿಸ್ ಬೆಲ್’ ಪೈಲಟ್‌ನ ಪ್ರೇಯಸಿಯ ನೆನಪಿಗೆ ಇಟ್ಟ ಹೆಸರು. 25 ಕಾರ್ಯಾಚರಣೆ ಮುಗಿಸಿದ ಆ ವಿಮಾನವನ್ನು 1943ರಲ್ಲಿ ಯುದ್ಧದ ಖರ್ಚಿಗೆ ಸರ್ಕಾರ ಜನರಿಗೆ ಮಾರುತ್ತಿದ್ದ ಸಾಲಪತ್ರಗಳ ಪ್ರಚಾರಕ್ಕಾಗಿ ಅಮೆರಿಕದ ಊರೂರಿಗೂ ಕೊಂಡೊಯ್ದರು; ಜನ ಜಾತ್ರೆಯ ತೇರು ನೋಡುವಂತೆ ಮುಗಿಬಿದ್ದರು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿದ ಬಿ-29ಕ್ಕೆ ಇದ್ದ ಹೆಸರು ‘ಎನೋಲಾ ಗೇ’. ಅದು ಪೈಲಟ್ ಪಾಲ್ ಟಿಬೆಟ್ಸ್‌ನ ತಾಯಿಯ ಹೆಸರು. ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮುಂದೆ ಹೋಗಬೇಡಿ, ಒಂದು ನಿಮಿಷ ನಿಂತು ಯೋಚಿಸಿ.

ಎರಡನೆಯ ದಾರಿ ಕಾರ್ಖಾನೆ. ಮಿಷಿಗನ್‌ನ ವಿಲ್ಲೋ ರನ್‌ನಲ್ಲಿ ಫೋರ್ಡ್ ಕಂಪನಿ ಕಾರಿನ ಹಾಗೆಯೇ ಜೋಡಣಾ ಸಾಲಿನಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಜೋಡಿಸಿತು. 1944ರ ಹೊತ್ತಿಗೆ ಸರಿಸುಮಾರು ಗಂಟೆಗೊಂದು ವಿಮಾನ ಹೊರಬರುತ್ತಿತ್ತು. ಸಾವಿರಾರು ಹೆಂಗಸರು ಪ್ಯಾಂಟು ತೊಟ್ಟು, ತಲೆಗೆ ವಸ್ತ್ರ ಕಟ್ಟಿ ಅಲ್ಲಿ ರಿವೆಟ್ ಹೊಡೆದರು. ಯುದ್ಧ ಮುಗಿದ ಮೇಲೆ ಬಹುಪಾಲು ಹೆಂಗಸರು ಕೆಲಸ ಕಳೆದುಕೊಂಡರು. ದುಡಿದು ಸಂಬಳ ಎಣಿಸಿದ ನೆನಪು ಮಾತ್ರ ಹೋಗಲಿಲ್ಲ.

ಲಿಬರೇಟರ್‌ನ ಕಥೆಗೆ ನಮ್ಮ ಬೆಂಗಳೂರಿನ ನಂಟೂ ಇದೆ. ಯುದ್ಧಾನಂತರ ಭಾರತದಲ್ಲಿ ಉಳಿದ ಇಂಥ ವಿಮಾನಗಳನ್ನು ಮತ್ತೆ ಬಳಕೆಗೆ ಬಾರದಂತೆ ಜಖಂ ಮಾಡಿ ಕಾನ್ಪುರದಲ್ಲಿ ರಾಶಿ ಹಾಕಲಾಗಿತ್ತು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಬೆಂಬಲದಿಂದ ಕಟ್ಟಿದ ಎಚ್‌ಎಎಲ್‌ನ ತಂಡ ಅವುಗಳಿಗೆ ಅಲ್ಲೇ ತೇಪೆ ಹಾಕಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು ಪೂರ್ತಿ ದುರಸ್ತಿ ಮಾಡಿತು. ನಲವತ್ತರಷ್ಟು ವಿಮಾನಗಳು ಹೀಗೆ ಮರುಜನ್ಮ ಪಡೆದವು. ಭಾರತೀಯ ವಾಯುಪಡೆ ಇವನ್ನು 1968ರವರೆಗೂ ಹಾರಿಸಿತು. ಗುಜರಿಯ ರಾಶಿಯಿಂದ ವಾಯುಪಡೆಯೊಂದಕ್ಕೆ ಭಾರೀ ಬಾಂಬರ್ ಒದಗಿಸಿದ ಈ ಸಾಹಸಕ್ಕೆ ನಮ್ಮ ಪಠ್ಯಗಳಲ್ಲಿ ಒಂದು ಪುಟವಾದರೂ ಸಿಗಬೇಕಿತ್ತು.

ಮೂರನೆಯ ದಾರಿ ಪ್ರಯಾಣಿಕರ ವಿಮಾನ; ಅದರ ವಿಷಯ ಚಿಕ್ಕದು. ಬಿ-29ರಲ್ಲಿ ಎತ್ತರದಲ್ಲೂ ಸರಾಗವಾಗಿ ಉಸಿರಾಡಲು ಒತ್ತಡ ನಿಯಂತ್ರಿತ ಕೋಣೆಗಳಿದ್ದವು. ಅದೇ ವಂಶದ ರೆಕ್ಕೆ, ಬಾಲ ಇಟ್ಟುಕೊಂಡು ಬೋಯಿಂಗ್ ‘ಸ್ಟ್ರ್ಯಾಟೊಕ್ರೂಸರ್’ ಕಟ್ಟಿತು. 1949ರಲ್ಲಿ ಅಮೆರಿಕದ ವಿಮಾನಯಾನ ಕಂಪನಿ ಪ್ಯಾನ್ ಆಮ್ ಅದನ್ನು ಸೇವೆಗೆ ಇಳಿಸಿತು. ಸುರುಳಿ ಮೆಟ್ಟಿಲು ಇಳಿದರೆ ಕೆಳಗೆ ಮದ್ಯ ಸವಿಯುತ್ತ ಹರಟೆ ಹೊಡೆಯಲು ಲೌಂಜ್!

ಶೀತಲ ಸಮರದಲ್ಲಿ ಸಲುಗೆಯ ಜೊತೆಗೆ ಭಯವೂ ಮನೆ ಹೊಕ್ಕಿತು. ಶಾಲೆಗಳಲ್ಲಿ ಮಕ್ಕಳು ಮೇಜಿನಡಿ ಅಡಗುವ ತಾಲೀಮು ಮಾಡುತ್ತಿದ್ದರು. ಆಕಾಶ ನೋಡಿ ಹೆದರಬೇಕಾದದ್ದು ಶತ್ರುವಿಗಷ್ಟೇ ಅಲ್ಲ ಎಂಬುದನ್ನು 1958ರ ಮಾರ್ಚ್ 11ರಂದು ದಕ್ಷಿಣ ಕೆರೊಲಿನಾದ ಮಾರ್ಸ್ ಬ್ಲಫ್ ತೋರಿಸಿತು. ಅಮೆರಿಕದ್ದೇ ಬಿ-47 ವಿಮಾನದಿಂದ ಅಣುಬಾಂಬೊಂದು ಅಕಸ್ಮಾತ್ತಾಗಿ ಕಳಚಿ, ಒಂದು ಕುಟುಂಬದ ಮಕ್ಕಳ ಆಟದ ಗುಡಿಸಲಿನ ಬಳಿ ಬಿದ್ದಿತು. ಅದರೊಳಗೆ ಪರಮಾಣು ತಿರುಳು ಇಟ್ಟಿರಲಿಲ್ಲ; ಸಾಮಾನ್ಯ ಸ್ಫೋಟಕ ಮಾತ್ರ ಸಿಡಿಯಿತು. ಮನೆ ಹಾಳಾಯಿತು, ಹಲವರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ.

ಇಂಥ ಭಯದ ನಡುವೆಯೂ ಫ್ಯಾಷನ್ ನಿಲ್ಲಲಿಲ್ಲ. ವಾಯುಪಡೆಯ ಸಿಬ್ಬಂದಿಯ ಜಾಕೆಟ್ಟು ಕಾಲೇಜು ಹುಡುಗರ ಮೈಗೇರಿತು. 1960ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಜೇನುಗೂಡಿನಾಕಾರದ ಎತ್ತರದ ತುರುಬನ್ನು ಜನ ಬಿ-52 ಎಂದೂ ಕರೆದರು. ಆ ಬಾಂಬರ್‌ನ ಉಬ್ಬಿದ ಮೂತಿಯ ಹೋಲಿಕೆ ಕಂಡಿದ್ದೇ ಕಾರಣ. 1976ರಲ್ಲಿ ಜಾರ್ಜಿಯಾದ ಅಥೆನ್ಸ್‌ನಲ್ಲಿ ಕೂಡಿದ ಪಾಪ್ ಸಂಗೀತ ತಂಡವೊಂದು ಆ ತುರುಬಿನಿಂದಲೇ ತನ್ನ ಹೆಸರು ಪಡೆಯಿತು. ಆ ಹೊತ್ತಿಗೆ ಬಿ-52ಗಳು ವಿಯೆಟ್ನಾಂ ಮೇಲೆ ವರ್ಷಗಟ್ಟಲೆ ಬಾಂಬ್ ಸುರಿದು ಬಂದಿದ್ದವು.