ಕೊನೆಯ ಟಾಝೋ ಯಾಕೆ ಸಿಗುತ್ತಿರಲಿಲ್ಲ?

ಡಬ್ಬಿಯ ಜೊತೆ ಪುಕ್ಕಟೆ ಆಟಿಗೆ ಬರೋ ಕಾರ್ನ್ ಫ್ಲೇಕ್ಸ್ ತಿನ್ನೋರು ವಿಜಯಪುರದ ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಮುಂಜಾನೆ ನಾಷ್ಟಾಕ್ಕೆ ಅವಲಕ್ಕಿ, ಸುಸಲಾ, ಇಲ್ಲಾಂದ್ರೆ ಮುಟಗಿ. ಹಾಗಾಗಿ ಪುಕ್ಕಟೆ ಆಟಿಗೆ ಸಾಮಾನು ನಮಗೆ ಬಂದದ್ದು ಚಿಪ್ಸ್ ಪುಡಾದಲ್ಲಿ. ಪೋಕೆಮಾನ್ ಚಿತ್ರದ ಪ್ಲಾಸ್ಟಿಕ್ ಬಿಲ್ಲೆ, ಟಾಝೋ. ಯಾವ ಪುಡಾದಲ್ಲಿ ಏನಿದೆ ಅಂತ ಒತ್ತಿ ಒತ್ತಿ ನೋಡುತ್ತಿದ್ದೆವು. "ಲೇ, ಚೂರ್ ಮಾಡಬ್ಯಾಡ್ರೋ, ತಗೊಂಡ್ ನಡೀರಿ!" ಅಂತ ಅಂಗಡಿ ಕಾಕಾ ಬೈಯುತ್ತಿದ್ದ.

ಈ ಉಪಾಯ ಬಹಳ ಹಳೆಯದು. ಅಮೆರಿಕದ ಕೆಲಾಗ್ಸ್ ಕಂಪನಿ 1909ರಲ್ಲೇ ಎರಡು ಡಬ್ಬಿ ಕಾರ್ನ್ ಫ್ಲೇಕ್ಸ್ ಕೊಂಡವರಿಗೆ ಮಕ್ಕಳ ಚಿತ್ರದ ಪುಸ್ತಕ ಕೊಡುತ್ತಿತ್ತು. 1950ರ ದಶಕದಲ್ಲಿ ಪುಟ್ಟ ಸಬ್‌ಮರೀನ್ ಬಂತು. ಅದರೊಳಗೆ ಬೇಕಿಂಗ್ ಪೌಡರ್ ತುಂಬಿ ನೀರಿಗೆ ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಗುಳ್ಳೆ ಅದನ್ನು ಮೇಲೆತ್ತುತ್ತದೆ, ಗುಳ್ಳೆ ಜಾರಿಹೋದರೆ ಮತ್ತೆ ಮುಳುಗುತ್ತದೆ. ಅದರಲ್ಲಿ ವಿಜ್ಞಾನ ಆಟಿಗೆಯೊಳಗೇ ಇತ್ತು. ನಮ್ಮ ಟಾಝೋದಲ್ಲಿ ವಿಜ್ಞಾನ ಇದ್ದದ್ದು ಕಂಪನಿಯ ಲೆಕ್ಕದಲ್ಲಿ.

10 ಬಗೆಯ ಬಿಲ್ಲೆ ಇವೆ, ಎಲ್ಲವನ್ನೂ ಸಮನಾಗಿ ಹಂಚಿದ್ದಾರೆ ಅಂತ ಇಟ್ಟುಕೊಳ್ಳಿ. ಮೊದಲ ಪುಡಾದಲ್ಲಿ ಬರೋದು ಹೊಸದೇ. ಆದರೆ ಒಂಬತ್ತು ಕೂಡಿದ ಮೇಲೆ, ಉಳಿದ ಆ ಒಂದು ಸಿಗೋ ಅವಕಾಶ ಪ್ರತಿ ಪುಡಾಕ್ಕೆ ಹತ್ತರಲ್ಲಿ ಒಂದು ಅಷ್ಟೇ, ಅಂದ್ರೆ ಅದೊಂದಕ್ಕೇ ಸರಾಸರಿ 10 ಪುಡಾ ಬೇಕು. ಪೂರ್ತಿ ಸೆಟ್ಟಿಗೆ ಸರಾಸರಿ 29. ಬಗೆ 20 ಆದರೆ? 58 ಅಲ್ಲ, 72! ಗಣಿತದವರು ಇದನ್ನು ಕೂಪನ್ ಕೂಡಿಸುವವನ ಸಮಸ್ಯೆ ಅನ್ನುತ್ತಾರೆ. ಯಾವುದಾದರೂ ಒಂದು ಬಿಲ್ಲೆಯನ್ನು ಕಡಿಮೆ ಹಾಕಿದರಂತೂ ಖರ್ಚು ಇನ್ನೂ ಜಾಸ್ತಿ.

ಸಾಲೆಯಲ್ಲಿ ನಾವು ಇದಕ್ಕೆ ಒಳ್ಳೆಯ ಮದ್ದು ಮಾಡಿಕೊಂಡಿದ್ದೆವು, ಅದಲಿಬದಲಿ. ಇಬ್ಬರು ಕೂಡಿ 10 ಬಗೆಯ ಎರಡು ಸೆಟ್ ಮಾಡಿದರೆ ಒಬ್ಬೊಬ್ಬರೇ ಕೊಂಡಾಗ ಬೇಕಾಗುವ 58ಕ್ಕಿಂತ ಕಡಿಮೆ ಪುಡಾ ಸಾಕು. ಆದರೆ ಬೆಂಚಿನ ಮೇಲೆ ಬಿಲ್ಲೆ ಹರಡಿ ಕೂತರೆ ಅದನ್ನು ನೋಡಿದ ಇನ್ನೊಬ್ಬನಿಗೂ ಬೇಕು ಅನಿಸುತ್ತದೆ, ಅಲ್ವಾ? ಸುಮ್ನೆ ಪುಕ್ಕಟೆ ಜಾಹೀರಾತು ಮಾಡಿದ ಹಾಗಾಯಿತು.

ಮತ್ತೆ ಮತ್ತೆ ಕೊಳ್ಳೋಕೆ ಮೆದುಳಿನಲ್ಲೂ ಕಾರಣ ಇದೆ. 1990ರ ದಶಕದಲ್ಲಿ ನರವಿಜ್ಞಾನಿ ವುಲ್ಫ್ರಾಮ್ ಷುಲ್ಟ್ಸ್ ಮಂಗಗಳ ಮೆದುಳಿನಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಬಿಡೋ ನರಕೋಶಗಳನ್ನು ಗಮನಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕರೆ ಆ ಕೋಶಗಳು ಜೋರಾಗಿ ಮಿಡಿಯುತ್ತಿದ್ದವು. ರಸ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ, ಬಂದಾಗ ವಿಶೇಷವೇನೂ ಇಲ್ಲ. ಬರಬೇಕಾದ್ದು ಬರದಿದ್ದರೆ ಮಿಡಿತ ಕುಗ್ಗುತ್ತಿತ್ತು. ಒಳಗೇನಿದೆ ಅಂತ ಹೊರಗೇ ಬರೆದಿದ್ದರೆ ನಾವು ಅಷ್ಟು ಚಿಪ್ಸ್ ಖಂಡಿತ ತಿನ್ನುತ್ತಿರಲಿಲ್ಲ. ಜೊತೆಗೆ, ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ತಮ್ಮನ್ನು ಮರುಳು ಮಾಡೋಕೆ ಇದೆ ಅಂತ ಸರಿಯಾಗಿ ಗೊತ್ತಾಗೋದಿಲ್ಲ.

ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರೋ ತಿಂಡಿಯ ಜೊತೆ ಮಕ್ಕಳಿಗೆ ಆಟಿಗೆ ಕೊಡೋದನ್ನು ಚಿಲಿ ದೇಶ 2016ರಲ್ಲಿ ನಿಲ್ಲಿಸಿತು. ನಮ್ಮಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐದ 2020ರ ನಿಯಮ, ಇಂಥ ತಿಂಡಿಯನ್ನು ಸಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು, ಅದರ ಜಾಹೀರಾತೂ ಇರಬಾರದು ಅನ್ನುತ್ತದೆ. 50 ಮೀಟರ್ ಯಾವ ದೂರ? ಹುಡುಗರು ಬಿಡುವಿನ ಗಂಟೆ ನಿಲ್ಲೋದರೊಳಗೆ ಓಡಿಹೋಗಿರುತ್ತಾರೆ. ನನ್ನ ಕೇಳಿದರೆ ಚಿಲಿಯದೇ ಸರಿ. ಆಟಿಗೆ ಬೇಕಾದರೆ ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ ಇದೆ, ಅಲ್ಲಿ ಯಾವುದಕ್ಕೆ ರೊಕ್ಕ ಕೊಡುತ್ತಿದ್ದೇವೆ ಅಂತ ನೋಡಿಯಾದರೂ ಕೊಡಬಹುದು.