ಬಳ್ಳಿಗೋಡೆ: ಬಿಸಿಲನ್ನು ಹೊರಗೇ ತಡೆಯುವ ಹಸಿರು ಹೊದಿಕೆ

ಗೋಡೆಯ ಬುಡದ ಮಣ್ಣಿನಲ್ಲೋ ದೊಡ್ಡ ಕುಂಡದಲ್ಲೋ ಬಳ್ಳಿ ನೆಟ್ಟು, ಅದನ್ನು ಕಟ್ಟಡದ ಹೊರಗೋಡೆಯ ಮೇಲೆ ಹಬ್ಬಿಸುವುದೇ ಬಳ್ಳಿಗೋಡೆ. ಕಟ್ಟಡ ವಿನ್ಯಾಸ ಮಾಡುವವರು ಇದನ್ನು ‘ಗ್ರೀನ್ ಫಸಾಡ್’ ಎನ್ನುತ್ತಾರೆ. ಇದನ್ನೂ ‘ಲಿವಿಂಗ್ ವಾಲ್’ ಅನ್ನೂ ಒಂದೇ ಎಂದುಕೊಳ್ಳುವವರು ಜಾಸ್ತಿ. ಲಿವಿಂಗ್ ವಾಲ್‌ನಲ್ಲಿ ಗಿಡದ ಬೇರು ನೆಲದಲ್ಲಿರುವುದಿಲ್ಲ. ಗೋಡೆಗೆ ಕಟ್ಟಿದ ಚೀಲ, ಡಬ್ಬಿ ಅಥವಾ ದಪ್ಪ ಬಟ್ಟೆಯಲ್ಲಿ ಇರುತ್ತದೆ. ನೀರು, ಗೊಬ್ಬರ ಎಲ್ಲ ಪೈಪಿನಲ್ಲೇ ಹೋಗಬೇಕು. ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್ ಹೆಸರು ಮಾಡಿದ್ದು ಇಂಥ ಗೋಡೆಗಳಿಂದ. ನೋಡಲು ಚೆಂದ, ನಿಜ. ಆದರೆ ಸೆಕೆ ಕಡಿಮೆ ಮಾಡುವುದೇ ಗುರಿಯಾದರೆ ಬಳ್ಳಿಯೇ ಮೇಲು. ಅದರ ಬೇರು ನೆಲದಲ್ಲಿದ್ದರೆ ಪಂಪ್ ಕೆಟ್ಟರೂ ಬಳ್ಳಿ ಸಾಯುವುದಿಲ್ಲ.

ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಹಗಲೆಲ್ಲ ಬಿಸಿಲು ಹೀರುತ್ತವೆ. ಆ ಬಿಸಿ ನಿಧಾನವಾಗಿ ಒಳಮೈಗೆ ಬಂದು, ಸಂಜೆಯ ಮೇಲೆ ಕೋಣೆಯೊಳಗೆ ಬಿಡುಗಡೆಯಾಗುತ್ತದೆ. ಹೊತ್ತು ಮುಳುಗಿದ ಮೇಲೂ ಗೋಡೆ ಮುಟ್ಟಿದರೆ ಬೆಚ್ಚಗಿರುವುದು ಇದರಿಂದಲೇ. ಒಳಗೆ ಬಂದ ಬಿಸಿಯನ್ನು ಹೊರಗೆ ತಳ್ಳುವುದಕ್ಕಿಂತ ಬರದಂತೆ ತಡೆಯುವುದು ಸುಲಭ, ಅಲ್ವಾ? ಬಳ್ಳಿ ಮಾಡುವುದು ಅದನ್ನೇ.

ನೆರಳು ಕೊಡುವುದು ಎಲ್ಲರಿಗೂ ಕಾಣುವ ಕೆಲಸ. ಹಾಗಾದರೆ ಹಸಿರು ಬಲೆಯನ್ನೇ ಕಟ್ಟಬಹುದಲ್ಲ ಎಂದು ಕೇಳಬಹುದು. ವ್ಯತ್ಯಾಸ ಇರುವುದು ನೀರಿನಲ್ಲಿ. ಬಿಸಿಲಿಗೆ ಬಲೆ ತಾನೇ ಕಾಯುತ್ತದೆ, ಕಾದ ಮೇಲೆ ಗೋಡೆಯತ್ತಲೂ ಬಿಸಿ ಸೂಸುತ್ತದೆ. ಎಲೆ ಹಾಗಲ್ಲ. ಬೇರಿನಿಂದ ಬಂದ ನೀರನ್ನು ಅದು ಸಣ್ಣ ರಂಧ್ರಗಳಿಂದ ಆವಿಯಾಗಿ ಬಿಡುತ್ತಲೇ ಇರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖ, ಕರೆಂಟಿನ ಲೆಕ್ಕದಲ್ಲಿ ಹೇಳಿದರೆ, ಸುಮಾರು 0.68 ಯೂನಿಟ್. ಅಷ್ಟು ಶಾಖವನ್ನು ಎಲೆ ಬಿಸಿಲಿನಿಂದ ಮತ್ತು ಸುತ್ತಲಿನ ಗಾಳಿಯಿಂದ ಪಡೆಯುತ್ತದೆ. ಮಣ್ಣು ಒಣಗಿದರೆ ಎಲೆ ರಂಧ್ರ ಮುಚ್ಚಿಕೊಳ್ಳುತ್ತದೆ. ಆಗ ಉಳಿಯುವುದು ನೆರಳು ಮಾತ್ರ. ಹಾಗಾಗಿ ಬೇಸಿಗೆಯಲ್ಲಿ ಬುಡಕ್ಕೆ ನೀರು ತಪ್ಪಿಸಬಾರದು. ಗಾಳಿಯಲ್ಲಿ ತೇವ ಜಾಸ್ತಿ ಇರುವ ಕಡೆ ಆವಿಯ ಲಾಭ ಕಡಿಮೆ, ನೆರಳಿನ ಲಾಭಕ್ಕೆ ಮೋಸವಿಲ್ಲ.

ಎಲ್ಲ ಗೋಡೆಗೂ ಬಳ್ಳಿ ಬೇಕಿಲ್ಲ. ಪಡುವಣ ಗೋಡೆಗೆ ಮೊದಲು ಹಬ್ಬಿಸಿ. ನಡುಹಗಲಿನ ಬಿಸಿಲು ಮೇಲಿನಿಂದ ಬೀಳುವಾಗ ಸಜ್ಜಾ ತಡೆಯುತ್ತದೆ. ಇಳಿಹೊತ್ತಿನ ಓರೆ ಬಿಸಿಲು ಸಜ್ಜಾದ ಕೆಳಗೆ ನುಸುಳಿ, ಆಗಲೇ ಕಾದಿರುವ ಗೋಡೆಗೆ ನೇರವಾಗಿ ಹೊಡೆಯುತ್ತದೆ. ಚಳಿಗಾಲದಲ್ಲಿ ಮನೆ ಬೆಚ್ಚಗಿರಬೇಕಾದ ಪ್ರದೇಶಗಳಲ್ಲಿ ಎಲೆ ಉದುರಿಸುವ ಬಳ್ಳಿ ಒಳ್ಳೆಯದು. ಚಳಿಯಲ್ಲಿ ಅದು ಬಿಸಿಲಿಗೆ ದಾರಿ ಬಿಡುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಗೋಡೆಯ ಹೊರಮೈ ತಣ್ಣಗಾದಷ್ಟು ಕೋಣೆಯ ಗಾಳಿ ತಣ್ಣಗಾಗುವುದಿಲ್ಲ. ಮೇಲ್ಮಹಡಿಯಲ್ಲಿ ತಾರಸಿಯಿಂದ ಇಳಿಯುವ ಬಿಸಿಗೆ ಬಳ್ಳಿಗೋಡೆಯಲ್ಲಿ ಮದ್ದಿಲ್ಲ.

ಗೋಡೆ ಹಾಳಾಗುತ್ತದೆ ಎಂಬ ಭಯ ಸುಮ್ನೆ ಹುಟ್ಟಿದ್ದಲ್ಲ. ಅದು ಬಳ್ಳಿ ಹೇಗೆ ಹತ್ತುತ್ತದೆ ಎಂಬುದರ ಮೇಲೆ ನಿಂತಿದೆ. ಐವಿ, ಕ್ರೀಪಿಂಗ್ ಫಿಗ್ ಗೋಡೆಗೇ ಬೇರು ಅಂಟಿಸುತ್ತವೆ. ಗಟ್ಟಿ ಗೋಡೆಗೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಬಿರುಕಿದ್ದರೆ ಬೇರು ಒಳನುಗ್ಗಿ ಅದನ್ನು ಅಗಲಿಸುತ್ತದೆ. ಶಂಖಪುಷ್ಪ ಸುತ್ತಿಕೊಂಡು ಏರುತ್ತದೆ. ಹಾಗಲ, ಪ್ಯಾಶನ್ ಫ್ರೂಟ್ ಸುರುಳಿಕುಡಿಗಳಿಂದ ಹಿಡಿದು ಹತ್ತುತ್ತವೆ. ಇವಕ್ಕೆ ತಂತಿ ಅಥವಾ ಜಾಲರಿ ಬೇಕು. ಜಾಲರಿಯನ್ನು ಗೋಡೆಯಿಂದ ಒಂದು ಗೇಣಿನಷ್ಟು ದೂರದಲ್ಲಿ ನಿಲ್ಲಿಸಿದರೆ ಗೋಡೆಯೂ ಉಳಿಯುತ್ತದೆ, ನಡುವೆ ಗಾಳಿಯೂ ಆಡುತ್ತದೆ. ಬೋಗನ್‌ವಿಲ್ಲಾ ತಾನಾಗಿ ಹಿಡಿದುಕೊಳ್ಳುವುದಿಲ್ಲ, ಕಟ್ಟಿ ಕಟ್ಟಿ ಏರಿಸಬೇಕು.

ಜಪಾನಿನಲ್ಲಿ ಕಿಟಕಿಯ ಮುಂದೆ ಬಲೆ ಕಟ್ಟಿ ಹಾಗಲಬಳ್ಳಿ ಹಬ್ಬಿಸುತ್ತಾರೆ. ಇದಕ್ಕೆ ‘ಹಸಿರು ಪರದೆ’ ಎನ್ನುತ್ತಾರೆ. 2011ರ ಭೂಕಂಪದ ನಂತರ ಕರೆಂಟ್ ಉಳಿಸಬೇಕಾಗಿ ಬಂದಾಗ ಅಲ್ಲಿ ಇದು ಇನ್ನಷ್ಟು ಹರಡಿತು. ಒಂದೇ ಬೇಸಿಗೆಯಲ್ಲಿ ನೆರಳು ಸಿಗುತ್ತದೆ, ಜೊತೆಗೆ ಕಾಯಿಯೂ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಹೊಂದುವ ದಾರಿ ನನಗೆ ಕಾಣದು.

ಬಳ್ಳಿ ಕಿಟಕಿ, ಮಳೆನೀರಿನ ಪೈಪು, ವೈರುಗಳ ಕಡೆ ಹೋಗದಂತೆ ಆಗಾಗ ಕತ್ತರಿಸುತ್ತಿರಬೇಕು. ಗೋಡೆಗೆ ಅಂಟಿದ ಬಳ್ಳಿ ಬೇಡವಾದರೆ ಹಸಿಯಿರುವಾಗ ಎಳೆಯಬೇಡಿ, ಬಣ್ಣ, ಗಾರೆ ಎರಡೂ ಕಿತ್ತು ಬರಬಹುದು. ಬುಡ ಕತ್ತರಿಸಿ, ಚೆನ್ನಾಗಿ ಒಣಗಲು ಬಿಟ್ಟು, ಆಮೇಲೆ ಮೆಲ್ಲಗೆ ಬಿಡಿಸಿ.